ಮುದ್ದಣನೂ ಮನೋರಮೆಯೂ

ಹಿರಿಯರು ಹೇಳಿದ ಕಥೆಯನ್ನೇ ತನ್ನದನ್ನಾಗಿ ಮಾಡಿಕೊಂಡು ಮತ್ತೆ ಹೇಳುವುದು ಪಂಪನ ಕಾಲದಿಂದಲೂ ಕನ್ನಡಕವಿಗಳ ರೂಢಿ. ನಂದಳಿಕೆಯ ಲಕ್ಷ್ಮೀನಾರಣಪ್ಪನು (1870–1901) ಹಿಡಿದುದೂ ಅದೇ ದಾರಿ. ಉಡುಪಿಯಲ್ಲಿ ಹುಡುಗರಿಗೆ ಅಂಗಸಾಧನೆಯನ್ನು ಕಲಿಸುತ್ತಿದ್ದ ಈ ಬಡ ಉಪಾಧ್ಯಾಯನು ಅದ್ಭುತರಾಮಾಯಣವನ್ನು ಹಳಗನ್ನಡ ಗದ್ಯದಲ್ಲಿಯೂ ರಾಮಪಟ್ಟಾಭಿಷೇಕವನ್ನು ಪದ್ಯದಲ್ಲಿಯೂ ಬರೆದನು. ಆದರೆ ಅವು ತನ್ನವೆಂದು ಹೇಳಿಕೊಳ್ಳಲಿಲ್ಲ. ಪ್ರಾಚೀನ ಕವಿಗಳ ಕೃತಿಗಳೆಂಬಂತೆ ಮೈಸೂರಿಗೆ ಕಳುಹಿದನು. ಅಲ್ಲಿ ಅವು ಅಚ್ಚಾದುವು. ಹೊಸಬನೆಂಬ ತಿರಸ್ಕಾರವೇನೋ ತಪ್ಪಿತು. ಮೆಚ್ಚಿದವರ ಮಾತು ಮಾತ್ರ ಅವನಿಗೆ ಸಲ್ಲುವಂತಿರಲಿಲ್ಲ.

ಬಳಿಕ ಪದ್ಮಪುರಾಣದ ಕಥೆಯನ್ನೆತ್ತಿಕೊಂಡು ಶ್ರೀರಾಮಾಶ್ವಮೇಧವನ್ನು ರಚಿಸುವಾಗ ಅವನು ಕೇಳುವವಳನ್ನು ಕಾವ್ಯದೊಳಕ್ಕೇ ಕರೆತಂದನು. ಮಳೆಗಾಲದಲ್ಲಿ ಮನೆಗೆ ಮರಳಿದ ಮುದ್ದಣನನ್ನು ಮಡದಿ ಮನೋರಮೆಯು ಕಥೆ ಹೇಳೆಂದು ಕಾಡುವಳು. ಪದ್ಯವನ್ನು ಒಲ್ಲೆನೆನ್ನುವಳು, ಸಂಸ್ಕೃತವು ಮಿತಿಮೀರಿದರೆ ಆಕ್ಷೇಪಿಸುವಳು, ನಡುನಡುವೆ ತಡೆದು ಕೆಣಕುವಳು. ಕಥೆಗೆ ಬಹುಮಾನವೇನೆಂಬ ಚೌಕಾಸಿಯೂ ಉಂಟು! ಬರಿಯ ಹೊಗಳಿಕೆಯನ್ನು ಬಯಸಿದವನು ಇಂತಹ ಶ್ರೋತೃವನ್ನು ಸೃಷ್ಟಿಸುತ್ತಿರಲಿಲ್ಲ. ತನ್ನ ಬರಹದ ಕುಂದನ್ನು ತಾನೇ ಅವಳ ಬಾಯಿಂದ ಆಡಿಸಿದನು. ರಾಮನ ಕುದುರೆ ಯಾವ ಯಾವ ನಾಡನ್ನು ಹೊಕ್ಕಿತೆಂಬುದನ್ನು ಮರೆತ ವಾಚಕರಿಗೂ ಮನೋರಮೆಯ ಮಾತುಗಳು ಇಂದಿಗೂ ನೆನಪಿನಲ್ಲಿವೆ.

ಹೊರಗಿನ ವಾಚಕರ ಆ ಮೆಚ್ಚುಗೆಯನ್ನು ಕೇಳಲು ಅವನಿರಲಿಲ್ಲ. 1901ರ ಫೆಬ್ರುವರಿಯಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಕ್ಷಯರೋಗದಿಂದ ತೀರಿಕೊಂಡನು. ಮುದ್ದಣನೆಂಬವನು ನಂದಳಿಕೆಯ ಈ ಉಪಾಧ್ಯಾಯನೇ ಎಂಬುದು ಕನ್ನಡಿಗರಿಗೆ ಚೆನ್ನಾಗಿ ತಿಳಿದುದು ಆ ಮೇಲೆ.