ಮತಪೆಟ್ಟಿಗೆಗೆ ಬಿದ್ದ ಹಕ್ಕು

1977ರ ಜನವರಿಯಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಡೇಡ್ ಕೌಂಟಿ ಒಂದು ಕಟ್ಟಳೆ ತಂದಿತು: ಸಲಿಂಗಿ ಎಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ, ಬಾಡಿಗೆ ಮನೆ ಇಲ್ಲವೆನ್ನುವಂತಿಲ್ಲ. ಗಾಯಕಿ ಅನಿತಾ ಬ್ರಯಂಟ್ 'ನಮ್ಮ ಮಕ್ಕಳನ್ನು ಉಳಿಸಿ' ಎಂಬ ಚಳವಳಿ ಕಟ್ಟಿದರು. ಕಟ್ಟಳೆ ಜನರ ಮುಂದೆ ಹೋಯಿತು. ಜೂನ್ 7ರಂದು ನೂರಕ್ಕೆ 69ರಷ್ಟು ಮತದಾರರು ಅದನ್ನು ಕಿತ್ತುಹಾಕಿದರು.

ಸಾಕಷ್ಟು ಸಹಿ ಕೂಡಿಸಿ, ಆಗಲೇ ಆದ ಕಾನೂನನ್ನು ಮತ ಹಾಕಿ ರದ್ದುಮಾಡುವ ಈ ಪದ್ಧತಿ ನಮ್ಮಲ್ಲಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿದೆ. ಸಲಿಂಗಿಗಳಿಗಿಂತ ಮೊದಲು ಇದರ ಪೆಟ್ಟು ತಿಂದವರು ಕಪ್ಪು ಜನ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದೆಂದಿದ್ದ ಕಾನೂನನ್ನು ಕ್ಯಾಲಿಫೋರ್ನಿಯಾದ ಮತದಾರರು 1964ರಲ್ಲಿ ಭಾರೀ ಬಹುಮತದಿಂದ ಕೆಡವಿದರು. ಸುಪ್ರೀಂ ಕೋರ್ಟ್ 1967ರಲ್ಲಿ ಆ ಮತದಾನವನ್ನೇ ಅಸಿಂಧುವೆಂದಿತು.

ಡೇಡ್ ಗೆಲುವಿನ ಹುರುಪು ಬೇರೆಡೆಗೂ ಹಬ್ಬಿತು. 1978ರ ಏಪ್ರಿಲ್, ಮೇ ತಿಂಗಳಲ್ಲಿ ಸೇಂಟ್ ಪಾಲ್, ವಿಚಿಟಾ, ಯೂಜೀನ್ ನಗರಗಳ ಕಟ್ಟಳೆಗಳು ಒಂದರ ಹಿಂದೊಂದು ಬಿದ್ದವು. ನವೆಂಬರಿನಲ್ಲಿ ಗಾಳಿ ತಿರುಗಿತು. ಸಿಯಾಟಲ್ ತನ್ನ ಕಟ್ಟಳೆಯನ್ನು ಉಳಿಸಿಕೊಂಡಿತು. ಸಲಿಂಗಿ ಶಿಕ್ಷಕರನ್ನು ಶಾಲೆಗಳಿಂದ ಹೊರಹಾಕುವ ಪ್ರಸ್ತಾವವನ್ನು ಕ್ಯಾಲಿಫೋರ್ನಿಯಾ ನೂರಕ್ಕೆ 58 ಮತಗಳಿಂದ ತಿರಸ್ಕರಿಸಿತು. ಸಲಿಂಗಿ ರಾಜಕಾರಣಿ ಹಾರ್ವೆ ಮಿಲ್ಕ್ ಅದರ ವಿರುದ್ಧ ಊರೂರು ಸುತ್ತಿದ್ದರು. ಸಂಪ್ರದಾಯವಾದಿಗಳ ನಾಯಕ ರೊನಾಲ್ಡ್ ರೇಗನ್ ಕೂಡ ಅದು ಬೇಡವೆಂದಿದ್ದರು. ಗೆದ್ದ ಇಪ್ಪತ್ತನೆಯ ದಿನ ಮಿಲ್ಕ್ ಗುಂಡಿಗೆ ಬಲಿಯಾದರು.

ಇದನ್ನೆಲ್ಲ ವಿದ್ವಾಂಸರೂ ಗಮನಿಸುತ್ತಿದ್ದರು. ಜನಮತಗಣನೆ ಜನಾಂಗೀಯ ಸಮಾನತೆಗೆ ಪ್ರಜಾಪ್ರಭುತ್ವವೇ ಹಾಕಿದ ತಡೆ ಎಂದು ಡೆರಿಕ್ ಬೆಲ್ 1978ರಲ್ಲೇ ಬರೆದರು. ಮೂರು ದಶಕಗಳ ಮತದಾನಗಳನ್ನು ಲೆಕ್ಕಹಾಕಿದ ಬಾರ್ಬರಾ ಗ್ಯಾಂಬಲ್ 1997ರಲ್ಲಿ, ಅಲ್ಪಸಂಖ್ಯಾತರ ಹಕ್ಕು ಮೊಟಕುಗೊಳಿಸುವ ಪ್ರಸ್ತಾವಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಗೆದ್ದಿವೆ ಎಂದು ತೋರಿಸಿದರು. ಮರುವರ್ಷ ಡೊನೊವನ್ ಮತ್ತು ಬೌಲರ್ ಇದಕ್ಕೆ ತಕರಾರು ತೆಗೆದರು: ಅಪಾಯ ಹೆಚ್ಚಿರುವುದು ಸಣ್ಣ ಊರುಗಳಲ್ಲಿ, ಇಡೀ ರಾಜ್ಯ ಮತ ಹಾಕುವಲ್ಲಿ ಅಷ್ಟಿಲ್ಲ ಎಂದು. ಆದರೆ ಕೊಲೊರಾಡೊ ಇಡೀ ರಾಜ್ಯವೇ ಅಲ್ಲವೇ? ಡೆನ್ವರ್, ಬೋಲ್ಡರ್, ಆಸ್ಪೆನ್ ನಗರಗಳು ಕೊಟ್ಟಿದ್ದ ರಕ್ಷಣೆಯನ್ನು ಅಳಿಸಿ, ಮುಂದೆಯೂ ಯಾರೂ ಕೊಡದಂತೆ 1992ರಲ್ಲಿ ಅದು ತನ್ನ ಸಂವಿಧಾನವನ್ನೇ ತಿದ್ದಿತು. ಪರವಾಗಿ ನೂರಕ್ಕೆ 53 ಮತ. 'ವಿಶೇಷ ಹಕ್ಕು ಬೇಡ' ಎಂಬುದು ಅಲ್ಲಿನ ಘೋಷಣೆ. ಎಲ್ಲರಿಗೂ ಇರುವ ಕೆಲಸ, ಮನೆ ವಿಶೇಷ ಹಕ್ಕು ಹೇಗಾದೀತು? 1996ರಲ್ಲಿ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಆ ತಿದ್ದುಪಡಿಯನ್ನು ರದ್ದುಮಾಡಿತು.

ನನ್ನನ್ನು ಹೆಚ್ಚು ಕಾಡುವುದು ಮೇಯ್ನ್ ರಾಜ್ಯದ ಕಥೆ. ಅಲ್ಲಿನ ಶಾಸನಸಭೆಗೆ ಇಂಥ ರಕ್ಷಣೆಯ ಮಸೂದೆ ಮೊದಲು ಬಂದದ್ದು 1977ರಲ್ಲಿ. 1984ರಲ್ಲಿ ಬ್ಯಾಂಗರ್ ಪಟ್ಟಣದಲ್ಲಿ ಮೂವರು ಹುಡುಗರು 23 ವರ್ಷದ ಸಲಿಂಗಿ ಯುವಕನನ್ನು ಸೇತುವೆಯಿಂದ ಹೊಳೆಗೆ ಎಸೆದು ಕೊಂದರು. ಆಮೇಲೂ ಕಾನೂನಾಗಲಿಲ್ಲ. 1993ರಲ್ಲಿ ಉಭಯ ಸದನಗಳು ಒಪ್ಪಿದರೂ ಗವರ್ನರ್ ತಡೆದರು. ಕೊನೆಗೆ 1997ರಲ್ಲಿ ಕಾನೂನಾಯಿತು. 1998ರ ಫೆಬ್ರವರಿಯ ಚಳಿಯಲ್ಲಿ ನಡೆದ ಮತದಾನದಲ್ಲಿ ನೂರಕ್ಕೆ 51 ಮತಗಳಿಂದ ಅಳಿಯಿತು. 2000ದಲ್ಲಿ ಮತ್ತೆ ಕೂದಲೆಳೆಯ ಸೋಲು. 2005ರಲ್ಲಿ ಶಾಸನಸಭೆ ಮತ್ತೊಮ್ಮೆ ಕಾನೂನು ಮಾಡಿತು, ವಿರೋಧಿಗಳು ಮತ್ತೊಮ್ಮೆ ಸಹಿ ಕೂಡಿಸಿದರು, ಈ ಸಲ ನೂರಕ್ಕೆ 55 ಮತಗಳಿಂದ ಕಾನೂನು ಉಳಿಯಿತು. ಅಷ್ಟರಲ್ಲಿ ಇಪ್ಪತ್ತೆಂಟು ವರ್ಷ ಸಂದಿತ್ತು. ನಮ್ಮನ್ನು ಕೆಲಸದಿಂದ ತೆಗೆಯಬೇಡಿ ಎಂದು ನೆರೆಹೊರೆಯವರಲ್ಲಿ ಮತ ಬೇಡುತ್ತ ಒಂದು ತಲೆಮಾರು ಯೌವನ ಕಳೆಯಿತು. ಗೆದ್ದರೂ ಈ ಬೇಡಿಕೆಯ ಅವಮಾನ ಹೋಗುವುದಿಲ್ಲ.

ಈಚಿನ ಫಲಿತಾಂಶಗಳು ಒಂದೇ ದಿಕ್ಕಿನವಲ್ಲ. ಹ್ಯೂಸ್ಟನ್ ನಗರದ ಕಟ್ಟಳೆ ಜನಾಂಗ, ಧರ್ಮ, ವಯಸ್ಸು, ಗರ್ಭಧಾರಣೆ ಸೇರಿ 15 ನೆಲೆಗಳಲ್ಲಿ ರಕ್ಷಣೆ ಕೊಡುತ್ತಿತ್ತು. ಗಂಡಸರು ಹೆಂಗಸರ ಶೌಚಾಲಯಕ್ಕೆ ನುಗ್ಗುತ್ತಾರೆಂಬ ಭಯ ಹುಟ್ಟಿಸಿದ ಪ್ರಚಾರಕ್ಕೆ 2015ರಲ್ಲಿ ಅದಿಷ್ಟೂ ಕೊಚ್ಚಿಹೋಯಿತು. ಅಂಥದೇ ಭಯ ಹಬ್ಬಿಸಿದರೂ ಮ್ಯಾಸಚೂಸೆಟ್ಸ್ 2018ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ರಕ್ಷಣೆಯನ್ನು ಉಳಿಸಿತು. 2020ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡ್, ಲೈಂಗಿಕ ಒಲವಿನ ಆಧಾರದ ತಾರತಮ್ಯ ಹಾಗೂ ದ್ವೇಷಪ್ರಚೋದನೆಯನ್ನು ಅಪರಾಧವೆನ್ನುವ ಕಾನೂನನ್ನು ನೂರಕ್ಕೆ 63 ಮತಗಳಿಂದ ಒಪ್ಪಿತು.

ಅದೇ ವರ್ಷದ ಜೂನ್ 15ರಂದು, ಸಲಿಂಗಿ ಅಥವಾ ಲಿಂಗತ್ವ ಅಲ್ಪಸಂಖ್ಯಾತರೆಂದು ಕೆಲಸದಿಂದ ತೆಗೆಯುವುದು 1964ರ ನಾಗರಿಕ ಹಕ್ಕು ಕಾಯ್ದೆಗೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದು ಕೆಲಸದ ಮಾತಾಯಿತು. ಬಾಡಿಗೆ ಮನೆ, ಅಂಗಡಿ, ಹೋಟೆಲುಗಳಲ್ಲಿ ಅವರಿಗೆ ದೇಶವಿಡೀ ಸಲ್ಲುವ ಸ್ಪಷ್ಟ ರಕ್ಷಣೆಯ ಮಸೂದೆಗೆ ಅಮೆರಿಕದ ಸಂಸತ್ತು ಇನ್ನೂ ಒಪ್ಪಿಗೆ ಕೊಟ್ಟಿಲ್ಲ.