ಬಡಿದು ನೋಡಿದ ಕಲ್ಲು

ನಮ್ಮಪ್ಪ ಕುಷ್ಟಗಿ ಕಡೆಯ ಗ್ರಾನೈಟ್ ಖಣಿಗಳಲ್ಲಿ ಮೂವತ್ತು ವರ್ಷ ಕಲ್ಲು ಸೀಳಿದವನು. ಆ ಸದ್ದಿಗೆ ಅವನ ಕಿವಿ ಮುಕ್ಕಾಲು ಹೋಗಿದೆ. ಹಂಪಿ ತೋರಿಸ್ತೀನಿ ಬಾ ಅಂದರೆ ‘ಜನ ಭಾಳ’ ಎಂದು ಕೂತವನು, ಹಿರೇಬೆಣಕಲ್ಲಿಗೆ ಮಾತ್ರ ತಾನೇ ಹೊರಟ. ‘ಅಲ್ಲಿ ಕಲ್ಲಿನ ನಗಾರಿ ಐತಂತಲ್ಲೋ ತಮ್ಮಾ, ನೋಡೂಣು ನಡಿ.’

ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಆಮೇಲೆ ಬಂಡೆಗಳ ನಡುವೆ ಗುಡ್ಡ ಹತ್ತಬೇಕು. ಶಾಲೆಯ ಪ್ರವಾಸದಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಹೋಗಿ, ಗುಂಡಿ ಒತ್ತಿ ಯಂತ್ರ ತಿರುಗಿಸಿ ಹಿಗ್ಗಿದ್ದೆ. ನಮ್ಮ ಜಿಲ್ಲೆಯ ಮ್ಯೂಸಿಯಂ ಈ ಗುಡ್ಡದ ಮೇಲಿದೆ ಎಂದು ಆಗ ಯಾರೂ ಹೇಳಲಿಲ್ಲ.

ಮೇಲೆ ಸುಮಾರು 400 ಶಿಲಾ ರಚನೆಗಳು. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕಲ್ಲುಮನೆಗಳೇ ಕಣ್ಣಿಗೆ ಬೀಳುವುದು. ಕೆಲವು ಆಳೆತ್ತರ ಮೀರಿದವು. ಕ್ರಿ.ಪೂ. 800ರಿಂದ 200ರ ನಡುವಿನ ಕಬ್ಬಿಣ ಯುಗದವು ಎಂದು ವಿದ್ವಾಂಸರ ಲೆಕ್ಕ. ಸತ್ತವರ ನೆನಪಿಗೆ ಕಟ್ಟಿದವು. ಸುತ್ತಲಿನವರ ಬಾಯಲ್ಲಿ ಮೋರ್ಯರ ಮನೆಗಳು. ಮೋರ್ಯರೆಂದರೆ ಗಿಡ್ಡ ಜನವಂತೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದರಿಂದ ಇವನ್ನು ಮೌರ್ಯರಿಗೆ ಗಂಟುಹಾಕುವವರೂ ಇದ್ದಾರೆ. ಆದರೆ ಈ ಕೆಲಸ ಶುರುವಾದದ್ದು ಅಶೋಕನಿಗಿಂತ ಶತಮಾನಗಳ ಹಿಂದೆ. ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 1835ರಲ್ಲಿ ಇದನ್ನು ಗುರುತಿಸಿದ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಅಪ್ಪನಿಗೆ ಇದ್ಯಾವುದೂ ಬೇಕಿರಲಿಲ್ಲ. ಎಲ್ಲರೂ ಕಲ್ಲುಮನೆಯೊಳಗೆ ಬಗ್ಗಿ ನೋಡಿದರೆ ಅವನು ಚಪ್ಪಡಿಯ ಅಂಚಿಗೆ ಬೆರಳಾಡಿಸುತ್ತಿದ್ದ. ಬಿಸಿಲಿಗೆ ಕಾದು, ತಂಪಿಗೆ ಆರಿ ಈ ಬಂಡೆಗಳು ಈರುಳ್ಳಿಯ ಹಾಗೆ ಪದರು ಬಿಡುತ್ತವೆ. ‘ಪದರು ಹಿಡದು ಎತ್ಯಾರ. ನಾವು ಮದ್ದು ಹಾಕಿ ಅರ್ಧ ಕಲ್ಲು ಕೆಡಸ್ತಿದ್ವಿ’ ಅಂದ. ಅವರು ಕಲ್ಲೆತ್ತಿದ ತಗ್ಗಿನಲ್ಲಿ ನೀರು ನಿಂತು ಕೆರೆಯಾಗಿದೆ. ಅದನ್ನೂ ನೋಡಿದ, ತಲೆದೂಗಿದ.

ಹೆಚ್ಚು ಹೊತ್ತು ನಿಂತದ್ದು ಒಂದು ಕಿಂಡಿಯ ಮುಂದೆ. ಕೆಲವು ಮನೆಗಳ ಮುಂದಿನ ಚಪ್ಪಡಿಯಲ್ಲಿ ಇಂಥ ದುಂಡು ಕಿಂಡಿಗಳಿವೆ. ಆತ್ಮ ಓಡಾಡಲೆಂದು ಬಿಟ್ಟದ್ದು ಎಂದು ನಾನು ಓದಿದ್ದನ್ನು ಕೂಗಿ ಹೇಳಿದೆ. ‘ಆತ್ಮಕ್ಕ ಚೌಕ ಆದ್ರೇನು, ದುಂಡಗ ಆದ್ರೇನು? ಮೂಲಿ ಬಿಟ್ರ ಅಲ್ಲಿಂದನ ಸೀಳ್ತೈತಿ. ಅದಕ್ಕ ದುಂಡಗ ಕಡದಾರ’ ಅಂದ. ನಾನು ಓದಿದ ಯಾವ ಪುಸ್ತಕದಲ್ಲೂ ಈ ಮಾತಿರಲಿಲ್ಲ.

ನಗಾರಿ ಇರುವುದು ಹತ್ತು ಮೀಟರಿನಷ್ಟು ಎತ್ತರದ ಬಂಡೆಯ ನೆತ್ತಿಯ ಮೇಲೆ. ಬೋರಲು ಹಾಕಿದ ಕಡಾಯಿಯಂಥ ಗುಂಡು; ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ. ಕಟ್ಟಿಗೆಯಿಂದ ಬಡಿದರೆ ಸದ್ದು ಕಿಲೋಮೀಟರ್ ದಾಟುತ್ತದೆ ಎನ್ನುತ್ತಾರೆ. ಇದನ್ನು ಕಂಡುಹಿಡಿದವನು ಯಾರು ಎಂದು ಗುಡ್ಡ ಹತ್ತುವಾಗಲೇ ಯೋಚಿಸುತ್ತಿದ್ದೆ. ಪೂಜಾರಿಯೆ? ಕಾವಲುಗಾರನೆ? ಖಣಿಯಲ್ಲಿ ಸೀಳುವ ಮೊದಲು ಕಲ್ಲನ್ನು ಬಡಿದು ಕೇಳುತ್ತಾರೆ. ಠಣ್ ಅಂದರೆ ಗಟ್ಟಿ, ಬದ್ ಅಂದರೆ ಒಳಗೆ ಬಿರುಕು. ಹಾಗೆ ಬಡಿಯುತ್ತ ಬಂದ ಕಲ್ಲುಕೆಲಸದವನಿಗೇ ಈ ಗುಂಡು ಮೊದಲು ಓಗೊಟ್ಟಿರಬೇಕು. ಇದು ನನ್ನ ಊಹೆ, ಬಿಡಿ.

ಅಪ್ಪನ ರಟ್ಟೆ ಹಿಡಿದು ಮೇಲೆ ಹತ್ತಿಸಿದೆ. ಅವನು ಗುಂಡಿನ ಮೈಗೆ ಎರಡೂ ಅಂಗೈ ಊರಿ, ಕಣ್ಣು ಮುಚ್ಚಿ, ‘ಬಡಿ’ ಅಂದ. ಬಡಿದೆ. ಸದ್ದು ಎದುರು ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಅದು ಅವನಿಗೆ ಕೇಳಿಸಿರಲಾರದು. ಇನ್ನೊಮ್ಮೆ ಬಡಿಸಿದ. ಆಮೇಲೆ ಕೈ ತೆಗೆದು ಧೂಳು ಝಾಡಿಸಿಕೊಂಡ.

‘ಒಳಗ ಬಿರುಕಿಲ್ಲ.’