ಧಾರವಾಡ ಸೀಮೆಯ ವಿದ್ಯಾರ್ಥಿಯೂ ಇಂಗ್ಲೀಷು ಕಲಿಕೆಯೂ

ನಮ್ಮ ಯರಗುಪ್ಪಿಯಂಥ ಎರೆಭೂಮಿಯ ಹಳ್ಳಿಯಿಂದ ಹೊರಟ ಹುಡುಗನು ಕಾಲೇಜಿನ ಹೊಸ್ತಿಲನ್ನು ತುಳಿಯಬೇಕಾದರೆ ಇಂಗ್ಲೀಷೆಂಬ ಹೊಳೆಯನ್ನು ಈಸಿಯೇ ದಾಟಬೇಕಾಗಿತ್ತು. ಆ ಹೊಳೆಗೆ ಅವನು ಇಳಿದದ್ದು ಏತಕ್ಕೆ? ಹೊಟ್ಟೆಗಾಗಿ ಎಂಬ ಉತ್ತರವು ಸುಲಭವಾಗಿ ದೊರೆಯುತ್ತದೆ. ಅದು ಸುಳ್ಳೂ ಅಲ್ಲ. ಆದರೆ ಅಷ್ಟಕ್ಕೆ ಮಾತು ಮುಗಿಯುವದಿಲ್ಲ.

ಸರಕಾರಿ ಚಾಕರಿಯಲ್ಲಿ ಇಂಗ್ಲೀಷು ಬಲ್ಲವರಿಗೆ ಅಗ್ರಸ್ಥಾನವೆಂದು 1844ರಲ್ಲಿ ಹಾರ್ಡಿಂಜನು ಗೊತ್ತುಪಡಿಸಿದನು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಹುಟ್ಟಿತು. ಅಲ್ಲಿಂದ ಮುಂದೆ ನಮ್ಮ ಸೀಮೆಯ ಹುಡುಗರ ಮುಂದೆ ಎರಡು ದಾರಿಗಳು ಕವಲೊಡೆದುವು. ಕನ್ನಡ ಶಾಲೆಯಲ್ಲಿಯೇ ಓದಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಮಾಸ್ತರಿಕೆ ದೊರೆಯುತ್ತಿತ್ತು. ನಾಲ್ಕನೆಯ ಇಯತ್ತೆಯ ತರುವಾಯ ಇಂಗ್ಲೀಷು ಶಾಲೆಗೆ ಸೇರಿ ಮ್ಯಾಟ್ರಿಕ್ ಮುಗಿಸಿದವನಿಗೆ ಕಚೇರಿ, ವಕೀಲಿ, 1880ರ ದಶಕದಲ್ಲಿ ಹುಬ್ಬಳ್ಳಿಗೆ ಬಂದ ರೈಲ್ವೆಯ ಕಾರಕೂನಿಕೆ, ಹೀಗೆ ಹಲವು ಬಾಗಿಲುಗಳು ತೆರೆಯುತ್ತಿದ್ದುವು. ಮಗನನ್ನು ಯಾವ ದಾರಿಗೆ ಹಚ್ಚಬೇಕೆಂಬುದನ್ನು ಅನೇಕ ಮನೆಗಳಲ್ಲಿ ಹೊಲದ ಪೀಕೇ ನಿಶ್ಚಯಿಸಿರಬೇಕು.

ಕೆನಡಾದ ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಎಂಬವರು 1959ರಲ್ಲಿ, ಪರಭಾಷೆಯನ್ನು ಕಲಿಯುವವರಿಗೆ ಎರಡು ಪ್ರೇರಣೆಗಳುಂಟೆಂದು ಪ್ರತಿಪಾದಿಸಿದರು: ಲಾಭವೊಂದು, ಆ ಭಾಷೆಯ ಜನರೊಡನೆ ಬೆರೆಯುವ ಬಯಕೆ ಇನ್ನೊಂದು. ಇಂಗ್ಲೀಷರೊಡನೆ ಬೆರೆಯಬೇಕೆಂದು ಧಾರವಾಡದ ಹುಡುಗನು ರಾತ್ರಿಯೆಲ್ಲ ದೀಪದೆದುರು ಕುಳಿತನೆಂದು ನನಗಂತೂ ತೋರುವದಿಲ್ಲ. ಇಲ್ಲಿ ಮೂರನೆಯ ಪ್ರೇರಣೆಯೊಂದು ಬೆಳೆಯಿತು. ಕನ್ನಡಿಗನು ತನ್ನನ್ನು ತಾನು ತಿಳಿದುಕೊಳ್ಳಲಿಕ್ಕೂ ಇಂಗ್ಲೀಷೇ ಬೇಕಾಯಿತು! ಚಾಲುಕ್ಯ ರಾಷ್ಟ್ರಕೂಟರ ಕಥೆಯನ್ನು ಫ್ಲೀಟನು ನಮ್ಮ ಊರೂರಿನ ಶಿಲಾಶಾಸನಗಳಿಂದ ಹೆಕ್ಕಿ ಬರೆದದ್ದು ಇಂಗ್ಲೀಷಿನಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಮಹಾಕೋಶವು ಕನ್ನಡ ಶಬ್ದಗಳಿಗೆ ಅರ್ಥವನ್ನು ಹೇಳಿದ್ದೂ ಇಂಗ್ಲೀಷಿನಲ್ಲಿಯೇ. ನಮ್ಮ ಮನೆಯ ಬೀಗದ ಕೈಯನ್ನು ನೆರೆಯವನಿಂದ ಇಸಿದುಕೊಳ್ಳುವ ಈ ಸ್ಥಿತಿಯು ಅಂದಿನ ತರುಣರನ್ನು ಚುಚ್ಚಿರಲಾರದೇ?

ಚುಚ್ಚಿತೆಂಬುದಕ್ಕೆ ಅವರ ಕೃತಿಗಳೇ ಸಾಕ್ಷಿ. ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪದವೀಧರರಾದ ರಾ. ಹ. ದೇಶಪಾಂಡೆಯವರು 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. 1896ರಿಂದ ಸಂಘದ ‘ವಾಗ್ಭೂಷಣ’ವು ಹೊರಟಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿತು ವಕೀಲರಾದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಕನ್ನಡಿಗರ ಕೈಗಿತ್ತರು. ಅದೇ ವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಅಲ್ಲಿಯ ವರೆಗೆ ಪದವಿಗಾಗಿ ಪುಣೆ ಮುಂಬಯಿಗಳಿಗೆ ಹೋಗಿ, ಮರಾಠಿಯ ನಡುವೆ ನಿಂತು ಇಂಗ್ಲೀಷು ಕಲಿಯುತ್ತಿದ್ದ ನಮ್ಮವರಿಗೆ ಕನ್ನಡದ ಹಂಬಲವು ಇಮ್ಮಡಿಸಿದ್ದು ಸಹಜ. ದೂರ ಹೋದವನಿಗೇ ತವರಿನ ನೆನಪು ಹೆಚ್ಚಷ್ಟೆ.

ಎಲ್ಲರೂ ಹೀಗಿದ್ದರೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಪದವಿ ಪಡೆದು, ಪಗಾರ ಎಣಿಸಿ, ಕನ್ನಡ ಪುಸ್ತಕವನ್ನು ಮುಟ್ಟದೆ ಹೋದವರೇ ಬಹುಮಂದಿ. ಅವರನ್ನು ಹಳಿಯಲಾಗದು, ಮನೆಯ ಸಾಲವು ಸಾಹಿತ್ಯದಿಂದ ತೀರುವದಿಲ್ಲ. ಇಂದಿಗೂ ನಮ್ಮ ಹಳ್ಳಿಗಳ ತಂದೆತಾಯಿಗಳು ಇಂಗ್ಲೀಷನ್ನು ಬೇಡುವದು ನೌಕರಿಗಾಗಿಯೇ. ನನಗಿರುವ ಅಂಜಿಕೆಯು ಬೇರೆ: ಹಿಂದಿನವರು ಕನ್ನಡದಲ್ಲಿ ಗಟ್ಟಿಯಾಗಿ ಬೇರೂರಿದ ಮೇಲೆ ಇಂಗ್ಲೀಷಿಗೆ ಹೋದರು, ಇಂದಿನ ಕೂಸಿಗೆ ಅಕ್ಷರಾಭ್ಯಾಸವೇ ಅದರಲ್ಲಿ ಆಗುವದು ಹೆಚ್ಚುತ್ತಿದೆ. ತರಲು ಹೋದವನಿಗೆ ತಿರುಗಿ ಬರುವ ಮನೆಯ ಗುರುತಿರಬೇಕಲ್ಲವೇ?

ಈ ಪ್ರಶ್ನೆಗೆ ವಿನಾಯಕ ಕೃಷ್ಣ ಗೋಕಾಕರ ಜೀವಿತವನ್ನು ನೋಡಬೇಕು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ಇವರು ಕರ್ನಾಟಕ ಕಾಲೇಜಿನಲ್ಲಿ ಓದಿ, ಇಂಗ್ಲೀಷಿನ ಪ್ರಾಧ್ಯಾಪಕರಾಗಿ, ಆಕ್ಸ್‌ಫರ್ಡಿನಲ್ಲಿ ಪ್ರಥಮ ವರ್ಗವನ್ನು ಗಳಿಸಿ ಬಂದರು. ಇಂಗ್ಲೀಷಿನಲ್ಲಿಯೂ ಕವಿತೆ ಬರೆಯುತ್ತಿದ್ದ ಈ ತರುಣನನ್ನು ಕನ್ನಡದ ಕಡೆಗೆ ಒಲಿಸಿಕೊಂಡವರು ಬೇಂದ್ರೆಯವರು. ಮುಂದೆ ಹೈದರಾಬಾದಿನಲ್ಲಿ ಇಡೀ ದೇಶದ ಇಂಗ್ಲೀಷು ಶಿಕ್ಷಕರನ್ನು ತರಬೇತುಗೊಳಿಸುವ ಕೇಂದ್ರಸಂಸ್ಥೆಗೂ ಗೋಕಾಕರು ನಿರ್ದೇಶಕರಾದರು. ಇಂಥವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಸರಕಾರವು ನೇಮಿಸಿದ ಸಮಿತಿಯು 1981ರಲ್ಲಿ, ಪ್ರೌಢಶಾಲೆಗಳಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕೆಂದು ಶಿಫಾರಸು ಮಾಡಿತು. ಇಂಗ್ಲೀಷಿನಿಂದಲೇ ಮೇಲೇರಿದವರು ಹೀಗೆ ಹೇಳುವದು ವಿರೋಧವೆಂದು ಆಡುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ವರದಿಯನ್ನು ಜಾರಿಗೊಳಿಸಬೇಕೆಂದು 1982ರಲ್ಲಿ ನಾಡೆಲ್ಲ ಎದ್ದಿತು. ಆ ಚಳವಳಿಗೆ ಜನರು ಇಟ್ಟ ಹೆಸರು ಈ ಇಂಗ್ಲೀಷು ಪ್ರಾಧ್ಯಾಪಕರದೇ.